ಕಿವಿ ಮುಟ್ಟಿದ ಕೈ

ಬ್ಯಾಡಗಿ ಹೈಸ್ಕೂಲಿನ ಡ್ರಿಲ್ ಮಾಸ್ತರ ಫಕ್ರುದ್ದೀನರು ವಯಸ್ಸಿನ ವಿಷಯದಲ್ಲಿ ಯಾರಪ್ಪನ ಮಾತೂ ಕೇಳುವವರಲ್ಲ ಎಂದು ಸುತ್ತಲಿನ ತಾಲೂಕುಗಳಲ್ಲೆಲ್ಲ ಹೆಸರಾಗಿತ್ತು. ಎದುರಾಳಿ ತಂಡದಲ್ಲಿ ಮೀಸೆ ಬೋಳಿಸಿಕೊಂಡು ಬಂದ ‘ಹುಡುಗ’ನೊಬ್ಬ ಕಂಡರೆ ಸಾಕು, ಆಟ ನಿಲ್ಲಿಸಿ ಶಾಲೆಯ ದಾಖಲೆ ಕೇಳುತ್ತಿದ್ದರು. “ಮನಷ್ಯಾ ಸುಳ್ಳ ಹೇಳ್ತಾನ, ಕಾಗದ ಹೇಳೂದಿಲ್ಲ” ಎನ್ನುತ್ತಿದ್ದರು. ಅವರ ಬಾಯಿಗೆ ಅಂಜಿ ಎರಡು ತಂಡಗಳು ಆಡದೇ ಬಸ್ಸು ಹತ್ತಿದ್ದೂ ಉಂಟು.

2004ರ ಡಿಸೆಂಬರಿನಲ್ಲಿ ರಾಣೆಬೆನ್ನೂರಿನಲ್ಲಿ ನಡೆದ ಪಂದ್ಯಾವಳಿಗೆ ಬೆಂಗಳೂರಿನಿಂದ ನಿರ್ಮಲಾ ಎಂಬ ಹಳೆಯ ಆಟಗಾರ್ತಿ ಬಂದಿದ್ದಳು. ಹುಟ್ಟೂರು ಧಾರವಾಡ; ಈಗ ದೊಡ್ಡ ಕಂಪನಿಯೊಂದರ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಹುಡುಗಿಯರನ್ನು ಆರಿಸುವುದು ಅವಳ ಕೆಲಸ. ಹದಿನೈದು ತುಂಬದವರನ್ನು ಕಂಪನಿ ಒಯ್ದು, ಉಣ್ಣಲಿಕ್ಕೆ ಹಾಕಿ, ಓದಿಸಿ, ತಯಾರು ಮಾಡುತ್ತದೆ. ಹದಿನೆಂಟಾದ ಮೇಲೆ ಆಡುವುದೇ ನೌಕರಿ, ತಿಂಗಳಿಗೆ ಪಗಾರ. ಮಾಸ್ತರರ ತಂಡದ ಸುಧಾರಾಣಿಯ ಆಟವನ್ನು ಎರಡು ದಿನ ನೋಡಿ ಅವಳು ಮಾಸ್ತರರ ಕೈಗೆ ಒಂದು ಹಾಳೆ ಕೊಟ್ಟಳು.

“ಈ ಹುಡುಗಿ ಫಾರ್ವರ್ಡ್ ಆಗಿ ಎಲ್ಲೀತನಕಾ ಹೋಗಬಹುದು, ಬರ್ದು ಕೊಡ್ರಿ ಸರ್. ಗುಣ ಎಷ್ಟು, ದೋಷ ಎಷ್ಟು. ಹೊಗಳಬ್ಯಾಡ್ರಿ, ಹೊಗಳಿಕಿ ಓದಿ ನನಗ ಸಾಕಾಗೇತಿ. ಸೋಮವಾರ ಶಾಲಿ ದಾಖಲೆ ಜೋಡಿ ತರ್ರಿ.”

ಮಾಸ್ತರರು ಆ ಹಾಳೆ ತುಂಬಿಸಲು ಎರಡು ದಿನ ತೆಗೆದುಕೊಂಡರು. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ಮಗು ಸಿಕ್ಕಿದ್ದು ಒಂದೇ. ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಅಳೆದು, ಎತ್ತರ ಐದು ಅಡಿ ಎಂಟು ಇಂಚು, ಇನ್ನೂ ಎರಡು ಇಂಚು ಬೆಳೆಯುವ ಲಕ್ಷಣ ಇದೆ ಎಂದು ಅವಳೆದುರೇ ಬರೆದರು. ಕೈ ಉದ್ದ; ಅಷ್ಟೇ ಎತ್ತರದ ಹುಡುಗಿಗಿಂತ ಗೇಣು ಮೇಲಿನ ಚೆಂಡು ಇವಳಿಗೆ ಸಿಗುತ್ತದೆ. ರಿಂಗಿನ ಕೆಳಗೆ ಎರಡೂ ಕೈ ನಡೆಯುತ್ತವೆ. ಬಿದ್ದರೆ ಅಳುವುದಿಲ್ಲ. ಆಮೇಲೆ ದೋಷ. ದೂರದಿಂದ ಹೊಡೆತ ಹಾಕಲು ಬರುವುದಿಲ್ಲ. ಇಬ್ಬರು ಮುತ್ತಿದರೆ ಗೆಳತಿಗೆ ಪಾಸು ಕೊಡುವ ಬದಲು ತಾನೇ ನುಗ್ಗುತ್ತಾಳೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಕೆಮ್ಮಿ ಕೆಮ್ಮಿ ದಮ್ಮು ಸಾಲುವುದಿಲ್ಲ. ಬೆವರನ್ನು ಅಂಗೈಯಿಂದ ಒರೆಸದೆ ತೋಳಿನಿಂದ ಒರೆಸುವುದು ಚೆಲ್ಲಾಟವಲ್ಲ. ತಾಯಿಯ ಜೊತೆ ಕಾಯಿಯ ತೊಟ್ಟು ಬಿಡಿಸಿ ಬೆರಳು ಉರಿಯುತ್ತಿರುತ್ತವೆ, ಕಣ್ಣಿಗೆ ತಾಗಬಾರದು. ಇಷ್ಟು ಬರೆದು ಮಾಸ್ತರರಿಗೆ ಸಮಾಧಾನವಾಯಿತು. ಒಂದು ಅಕ್ಷರವೂ ಸುಳ್ಳಲ್ಲ.

ಕೊನೆಗೆ ಜನ್ಮ ದಿನಾಂಕ ನಕಲು ಮಾಡಲು ಹೈಸ್ಕೂಲಿನ ರಿಜಿಸ್ಟರು ತೆಗೆದರು. 1-6-1989 ಎಂದಿತ್ತು. ಹದಿನೈದು ದಾಟಿ ಆರು ತಿಂಗಳು! ಹದಿನಾಲ್ಕು ತುಂಬಿಲ್ಲ ಎಂದೇ ಹುಡುಗಿ ಹೇಳುತ್ತಿದ್ದಳು. ಮಾಸ್ತರರಿಗೆ ರೇಗಿಹೋಯಿತು. ನೆಟ್ಟಗೆ ಪೇಟೆಯ ಅಂಗಳಕ್ಕೆ ಹೋಗಿ, ಮೆಣಸಿನಕಾಯಿ ರಾಶಿಯ ಮುಂದೆ ಕುಳಿತಿದ್ದ ತಾಯಿ ಮುದುಕವ್ವನನ್ನು ಎಬ್ಬಿಸಿದರು.

“ಮಗಳ ವಯಸ್ಸ ಯಾಕ ಮುಚ್ಚಿಟ್ಟಿ?”

“ನಾ ಏನ್ ಮುಚ್ಚಿಟ್ನಿರೀ ಸರ?” ಮುದುಕವ್ವ ಮೂಗಿಗೆ ಕಟ್ಟಿದ ಬಟ್ಟೆ ಇಳಿಸಿದಳು. “ಅದಕ ಹದಿನಾಕ ಇನ್ನಾ ತುಂಬಿಲ್ಲ. ಕಾಗಿನೆಲಿ ಕಡೆ ನಮ್ಮ ಹಳ್ಳ್ಯಾಗ ನೀವಾ ಅಲ್ರಿ ಬರಕೊಂಡಾವ್ರು? ನಾಕ ತುಂಬಿ ಎರಡ ತಿಂಗಳಾಗೇತ್ರಿ ಅಂದ್ನಿ. ‘ಕೈ ಕಿವಿ ಮುಟ್ಟೇತಿ, ನಿನ್ನ ಮಾತ ಯಾಕ’ ಅಂದ್ರಿ.”

ಮಾಸ್ತರರಿಗೆ ನೆನಪಾಯಿತು, ನೆನಪಾಗದಿದ್ದರೇ ಚೆನ್ನಾಗಿತ್ತು. 1995ರ ಜೂನ್. ಆಗ ಅವರು ಆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದರು. ಒಂದನೆಯ ಇಯತ್ತೆಗೆ ಮಕ್ಕಳು ಕಡಿಮೆ ಬಿದ್ದಿದ್ದವು. ಸಂಖ್ಯೆ ತುಂಬದಿದ್ದರೆ ಅವರನ್ನು ದೂರದ ತಾಲೂಕಿಗೆ ಎತ್ತಿ ಒಗೆಯುವವರಿದ್ದರು. ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಮಗು ಶಾಲೆಗೆ ಬಂತು ಎಂಬುದು ಆಗಿನ ಪದ್ಧತಿ. ಓಣಿಯಲ್ಲಿ ಆಡುತ್ತಿದ್ದ ಕೂಸನ್ನು ನಿಲ್ಲಿಸಿ ಮುಟ್ಟಿಸಿದರು. ಮುಟ್ಟದೇ ಏನು ಮಾಡೀತು, ಆ ಕೈ ಆಗಲೇ ಅಷ್ಟುದ್ದ. ಆರು ವರ್ಷ ಎಂದು ಬರೆದು, ಸೀಮೆಯ ಅರ್ಧ ಮಕ್ಕಳು ಹುಟ್ಟುವ ಜೂನ್ ಒಂದನೆಯ ತಾರೀಖು ಹಾಕಿ ಕೈ ತೊಳೆದುಕೊಂಡಿದ್ದರು.

ರಾಣೆಬೆನ್ನೂರಿಗೆ ಹೋಗಿ ನಿರ್ಮಲಾಳ ಎದುರು ಇದ್ದದ್ದು ಇದ್ದ ಹಾಗೆ ಹೇಳಿದರು. ಅವಳು ಹಾಳೆಯನ್ನು ಎರಡು ಸಲ ಓದಿದಳು.

“ಹದಿನೈದೂವರಿ ಹುಡುಗಿ ಆದ್ರ ಬೆಳವಣಿಗಿ ಮುಗೀತು, ಇದರಾಗ ಇನ್ನೆರಡು ಇಂಚು ಅಂತ ಬರದೀರಿ. ಹದಿನಾಲ್ಕು ತುಂಬಿಲ್ಲಂದ್ರ ಖರೇನ ಬಂಗಾರ ಇಕಿ. ಆದ್ರ ವಯಸ್ಸು ಕಡಿಮಿ ಐತಿ ಅನ್ನಾವ್ರನ್ನ ನಾ ದಿನಾ ನೋಡ್ತೇನಿ ಸರ್. ನೀವೂ ನೋಡೀರಿ, ಏನ್ ಮಾಡೀರಿ ಅಂತ ಕೇಳೇನಿ. ಕೋರ್ಟಿನಿಂದ ತಿದ್ದಿಸಿಕೊಂಡು ಬರ್ರಿ. ಮುಂದಿನ ವರ್ಷಾನೂ ನಾ ಇಕಿ ಜಾಗಾ ಇಡ್ತೇನಿ.”

ಒಂದು ವರ್ಷ ಸಿಕ್ಕಿತ್ತು. ಮಾಸ್ತರರು ಮರುದಿನವೇ ಹಾವೇರಿಯ ವಕೀಲರೊಬ್ಬರ ಬಳಿ ಹೋದರು. ವಕೀಲರು ಆಗುವುದಿಲ್ಲ ಎನ್ನಲಿಲ್ಲ.

“ಬರದಾವ್ರು ನೀವಾ ಅಂದ್ರ ಕೆಲಸ ಹಗರ ಆತು. ಕಟಕಟಿ ಹತ್ತಿ, ತಾಯಿ ನಾಕ ವರ್ಷ ಅಂದ್ರೂ ನಾ ಆರು ಅಂತ ಬರದೆ, ಸಂಖ್ಯಾ ತುಂಬ್ಸಾಕ ಬರದೆ ಅನ್ರಿ. ಇಲಾಖೆಯವ್ರು ನಿಮ್ಮನ್ನ ಸುಮ್ನ ಬಿಡ್ತಾರೋ ಇಲ್ಲೋ, ಅದನ್ನ ನಾ ಹೇಳಾಂಗಿಲ್ಲ.”

ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರರು ಎರಡು ಬಸ್ಸು ಬಿಟ್ಟು ಕುಳಿತರು. ಪಿಂಚಣಿಗೆ ಇನ್ನು ಒಂಬತ್ತು ವರ್ಷ. ಸುತ್ತಲಿನ ಶಾಲೆಯವರು ನಗುವುದು ಕಿವಿಗೆ ಕೇಳಿಸಿದಂತಾಯಿತು: ಕಾಗದದ ಫಕ್ರುದ್ದೀನ ಕಾಗದದಾಗ ಸಿಕ್ಕ! ಬ್ಯಾಡಗಿಯಲ್ಲಿ ಇಳಿದು ಮುದುಕವ್ವನ ಮನೆಗೆ ಹೋದಾಗ ಸುಧಾರಾಣಿ ಬಾಗಿಲಲ್ಲೇ ನಿಂತಿದ್ದಳು.

“ಕೋರ್ಟಿನಾಗ ಅದು ಆಗೂದಿಲ್ಲಂತವ್ವಾ” ಎಂದರು ಮಾಸ್ತರರು.

ತಾಯಿಯೂ ಮಗಳೂ ನಂಬಿದರು. ಅವರ ಮಾತನ್ನು ನಂಬದೇ ಇನ್ನಾರ ಮಾತನ್ನು ನಂಬಬೇಕು? ಹೇಡಿತನಕ್ಕೆ ಬೇರೆ ಹೆಸರಿಲ್ಲ. ಮಾಸ್ತರರೂ ತಮ್ಮೊಳಗೆ ಅದನ್ನು ಆ ಹೆಸರಿನಿಂದಲೇ ಕರೆದುಕೊಂಡರು. ಕರೆದುಕೊಂಡರೇ ಹೊರತು ಹಾವೇರಿ ಬಸ್ಸು ಹತ್ತಲಿಲ್ಲ. ವರ್ಷ ಕಳೆದು ನಿರ್ಮಲಾ ಒಮ್ಮೆ ಶಾಲೆಗೆ ಫೋನು ಮಾಡಿದಳು. ಮಾಸ್ತರರು ಮೈದಾನದಲ್ಲಿದ್ದಾರೆ ಎಂದು ಹೇಳಿಸಿದರು. ಅಷ್ಟರಲ್ಲಿ ಸುಧಾರಾಣಿ ಹತ್ತನೆಯದು ಮುಗಿಸಿ ತಾಯಿಯ ಪಕ್ಕದಲ್ಲಿ ರಾಶಿಯ ಮುಂದೆ ಕುಳಿತಿದ್ದಳು.

2007ರ ಜೂನ್ ಎರಡನೆಯ ವಾರ ಅವಳ ಮದುವೆ ಎಂದು ಮಾಸ್ತರರಿಗೆ ತಿಳಿದದ್ದು ಮದುವೆಯ ಹಿಂದಿನ ದಿನ. ಚಹಾದ ಕಪ್ಪು ಅಲ್ಲೇ ಬಿಟ್ಟು ಓಡಿದರು. ಹಂದರದ ಕೆಳಗೆ ನಿಂತಿದ್ದ ಸೋದರಮಾವ ಮೈಲಾರೆಪ್ಪನನ್ನು ಹಿಡಿದು, “ಹುಡುಗಿಗೆ ಹದಿನಾರಪ್ಪಾ, ಇದು ಅಪರಾಧ ಐತಿ, ಪೊಲೀಸರನ್ನ ಕರೀತೇನಿ” ಎಂದು ಕೂಗಿದರು.

ಮೈಲಾರೆಪ್ಪ ಸಿಟ್ಟಾಗಲಿಲ್ಲ. ಅಂಗಿಯ ಜೇಬಿನಿಂದ ಶಾಲೆಯ ದಾಖಲೆಯ ಮಡಿಕೆ ಬಿಚ್ಚಿ ತೋರಿಸಿದ. “ಜೂನ್ ಒಂದಕ್ಕ ಹದಿನೆಂಟ ತುಂಬ್ಯಾವ್ರಿ ಸರ. ಅದಕ್ಕಂತನ ಕಾಯ್ದೇವಿ. ಇನ್ನಾ ತಡಾ ಮಾಡಿದ್ರ ಈ ಎತ್ತರಕ್ಕ ಗಂಡ ಎಲ್ಲಿಂದ ತರೂನ್ರಿ? ನೀವಾ ಬರದದ್ದು, ಸುಳ್ಳಂದ್ರ ಹೆಂಗ್ರಿ? ಕೋರ್ಟನ್ಯಾಗ ತಿದ್ದಾಕ ಬರೂದಿಲ್ಲ ಅಂದಾವ್ರೂ ನೀವಾ.”

ಮಾಸ್ತರರು ಆ ಕಾಗದ ಮಡಿಚಿ ಮರಳಿ ಕೊಟ್ಟರು. ಮುದುಕವ್ವ ಅವರಿಗೊಂದು ಕುರ್ಚಿ ಹಾಕಿಸಿದಳು, ಚುರುಮುರಿ ತರಿಸಿದಳು. ಅರಿಶಿನ ಹಚ್ಚಿದ್ದ ಸುಧಾರಾಣಿ ಹೆಂಗಸರ ನಡುವಿನಿಂದ ಎದ್ದು ಬಂದಳು. ಹಂದರದ ಗಳ ತಾಗದಿರಲೆಂದು ತಲೆ ಬಗ್ಗಿಸಿ ಬಂದು, ಅವರ ಕಾಲು ಮುಟ್ಟಿ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು.

“ನಿನ್ನೆ ಗ್ವಾಡಿಗೆ ನಿಂತ ಅಳದ ನೋಡ್ಕೊಂಡ್ನಿರಿ ಸರ,” ಎಂದಳು, ಬೇರೆ ಯಾರಿಗೂ ಕೇಳದಂತೆ. “ಬರೋಬ್ಬರಿ ಎರಡ ಇಂಚು ಬೆಳದೀನ್ರಿ. ನೀವು ಬರದದ್ದು ಖರೇ ಆತು.”