ರಾಕ್ಷಸರಾಜನ ಒಣಬಾಯಿ

ಮಹಾಜನಗಳೇ, ಇಂದು ಬೆಳಿಗ್ಗೆ ಅಮೆರಿಕದ ಫ್ರೀಮಾಂಟಿನಲ್ಲಿ, ದಂತವೈದ್ಯೆಯ ಕುರ್ಚಿಯ ಮೇಲೆ, ಒಬ್ಬ ರಾಕ್ಷಸರಾಜ ಸತ್ತ!

ನಮ್ಮ ಹಾಸನದವರ ಮಗಳೇ ಆ ಡಾಕ್ಟರು. ಪುಟ್ಟ ಪ್ಲಾಸ್ಟಿಕ್ ಲೋಟ ಕೊಟ್ಟು, "ಅಂಕಲ್, ಐದು ನಿಮಿಷ ಇದ್ರಲ್ಲಿ ಉಗೀತಾ ಇರಿ" ಎಂದಳು. ನಾನು ಗಹಗಹಿಸಿ ನಕ್ಕೆ. ಇಲ್ಲಿನ ಕನ್ನಡ ಸಂಘದ ನಾಟಕದಲ್ಲಿ ರಾಕ್ಷಸರಾಜನಾಗಿ ನಾನು ಗದೆ ಎತ್ತಿ ಗರ್ಜಿಸಿದರೆ ಮುಂದಿನ ಸಾಲಿನವರೆಲ್ಲ ಮುಖ ಒರೆಸಿಕೊಳ್ಳಲು ಕರವಸ್ತ್ರ ತೆಗೆಯುತ್ತಿದ್ದರು!

ಐದು ನಿಮಿಷ ಕಳೆಯಿತು. ಲೋಟದ ತಳವೂ ಒದ್ದೆಯಾಗಲಿಲ್ಲ.

"ಬೀಪಿ ಮಾತ್ರೆಯಿಂದ ಬಾಯಿ ಡ್ರೈ ಆಗಿದೆ ಅಂಕಲ್. ಎಂಜಲಲ್ಲಿರೋ ಕ್ಯಾಲ್ಸಿಯಂ, ಚೂರೇ ಚೂರು ಫ್ಲೋರೈಡು, ಇವೇ ಹಲ್ಲನ್ನ ದಿನಾ ರಿಪೇರಿ ಮಾಡೋದು. ಈಗ ರಿಪೇರಿನೇ ನಿಂತೋಗಿದೆ. ಮುಂದಿನ ನಾಲ್ಕು ಹಲ್ಲು ಪೂರ್ತಿ ಹುಳುಕಾಗಿವೆ, ನಾಳೆನೇ ತೆಗೀಬೇಕು, ಸಾರಿ."

"ಶನಿವಾರ ನಾಟಕ ಇದೆಯಮ್ಮಾ! ಮಾತ್ರೆ ಬಿಟ್ಟುಬಿಡ್ಲಾ?"

"ಬಿಡಿ. ಆಮೇಲೆ ಹಾರ್ಟು ನಿಮ್ಮನ್ನ ಬಿಡುತ್ತೆ."

ಕಾರಿನಿಂದಲೇ ನಿರ್ದೇಶಕರಿಗೆ ಫೋನು ಮಾಡಿದೆ. "ಅಯ್ಯೋ ಪಾಪ" ಎಂದರು. ಅದೇ ಉಸಿರಿನಲ್ಲಿ, "ನಿಮ್ಮ ಕಿರೀಟದ ಸೈಜು ಎಷ್ಟು ಸಾರ್? ಬೇರೆಯವರಿಗೆ ಹೊಂದಿಸ್ಬೇಕು" ಎಂದರು.

ಆದ್ದರಿಂದ ಸ್ನೇಹಿತರೇ, ಶನಿವಾರ ಮುಂದಿನ ಸಾಲಿಗೆ ಧೈರ್ಯವಾಗಿ ಬನ್ನಿ. ಕರವಸ್ತ್ರ ಬೇಡ. ನಾನೂ ಅಲ್ಲೇ ಕೂತಿರುತ್ತೇನೆ, ಬಾಯಿ ಮುಚ್ಚಿಕೊಂಡು.