ಒರೆಸಿ ತೆಗೆದ ಫೋಟೋಗಳು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇನ್ಸ್‌ಪೆಕ್ಷನ್ ಟೇಬಲ್ಲಿನ ಕೆಲಸ ನನ್ನದು. ಲೇತ್ ಯಂತ್ರದಲ್ಲಿ ಕಡೆದು ಬಂದ ಪೀಸನ್ನು ಅಳೆಯಬೇಕು, ಹಳೆ ಬನಿಯನ್ ಬಟ್ಟೆಯಲ್ಲಿ ಎಣ್ಣೆ ಒರೆಸಬೇಕು, ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆದು ಕಸ್ಟಮರಿಗೆ ಕಳಿಸಬೇಕು. ಸೇರಿದ ದಿನವೇ ಸೂಪರ್‌ವೈಸರ್ ಹೇಳಿದ್ದರು: "ಪೀಸ್ ಮಾತ್ರ ಕಾಣ್ಬೇಕಮ್ಮ. ಟೇಬಲ್ ಕಾಣ್ಬಾರ್ದು, ನಿನ್ ಕೈ ಕಾಣ್ಬಾರ್ದು, ಕೊಳೆ ಅಂತೂ ಕಾಣ್ಲೇಬಾರ್ದು."

ನನ್ನ ಗಂಡನ ಪಾದದ ಫೋಟೋವನ್ನೂ ನಾನು ಹಾಗೆಯೇ ತೆಗೆದೆ.

ಅವರು ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಕಾರ್ಖಾನೆಯಲ್ಲಿದ್ದರು. ದಿನವಿಡೀ ಗಂಬೂಟಿನಲ್ಲಿ, ಒದ್ದೆ ನೆಲದ ಮೇಲೆ. ಜೊತೆಗೆ ಶುಗರ್. ಹೆಬ್ಬೆರಳಿನ ಕೆಳಗೆ ಒಂದು ಗಾಯ ಆಯಿತು. ನೋವಿಲ್ಲದ ಗಾಯ. ದಾಸರಹಳ್ಳಿಯ ಹತ್ತಿರದ ನರ್ಸಿಂಗ್ ಹೋಮಿಗೆ ಹೋದಾಗ ಡಾಕ್ಟರು, ಹೊಸ ವ್ಯವಸ್ಥೆ ಬಂದಿದೆ, ಪದೇ ಪದೇ ಬರುವುದು ಬೇಡ, ದಿನ ಬಿಟ್ಟು ದಿನ ಫೋಟೋ ತೆಗೆದು ಫೋನಿನಲ್ಲಿ ಕಳಿಸಿ, ನೋಡಿ ಹೇಳುತ್ತೇವೆ ಎಂದರು. ಫೀಸು ಉಳಿಯುತ್ತದೆ, ರಜೆ ಉಳಿಯುತ್ತದೆ, ಗಾಯದ ಮೇಲೂ ಕಣ್ಣಿರುತ್ತದೆ. ನಮಗೆ ಅದು ಉಪಕಾರ ಎಂದೇ ಅನಿಸಿತ್ತು.

ಬಾಗಲಗುಂಟೆಯ ನಮ್ಮ ರೂಮಿನಲ್ಲಿ, ಕೆಲಸಕ್ಕೆ ಹೊರಡುವ ಮುಂಚೆ, ಅವರನ್ನು ಬಾಗಿಲ ಬೆಳಕಿನಲ್ಲಿ ಕೂರಿಸುತ್ತಿದ್ದೆ. ಕಾಲು ತೊಳೆದು, ಸೋರಿದ್ದನ್ನು ಹತ್ತಿಯಿಂದ ಒರೆಸಿ, ಸುತ್ತಲ ಚರ್ಮಕ್ಕೆ ಪೌಡರ್ ಹಾಕುತ್ತಿದ್ದೆ. ಡಾಕ್ಟರು ನೋಡುವ ಕಾಲು, ಅಸಹ್ಯವಾಗಿ ಇರಬಾರದು. ಕೆಳಗೆ ಒಗೆದ ಬಿಳಿ ಟವೆಲ್ಲು.

"ಮದ್ವೆ ಫೋಟೋಗೂ ನಂಗೆ ಇಷ್ಟು ಪೌಡ್ರು ಬಳಿದಿರ್ಲಿಲ್ಲ ಕಣೆ," ಎಂದು ಅವರು ನಗುತ್ತಿದ್ದರು. ಅವರದು ಮಾಗಡಿ ಕಡೆಯ ಮಾತು. "ಇಂಗೇ ಇನ್ನೊಂದ್ ಸಲ ಒರೆಸು, ಹೆಣ್ಣು ಕೊಡೋರು ಬಂದ್ರೂ ಬರ್ತಾರೆ."

"ಕೊಟ್ರೆ ಅವಳೇ ತೊಳೀಲಿ ಬಿಡಿ, ನಂಗೂ ಒಂದು ಕೆಲ್ಸ ಕಮ್ಮಿ," ಎನ್ನುತ್ತಿದ್ದೆ.

ಫೋಟೋ ಹೋದ ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತಿತ್ತು. 'ಚೆನ್ನಾಗಿದೆ. ಮುಂದುವರಿಸಿ.' ಅದನ್ನು ಓದಿ ಅವರು ಕಟ್ಟು ಹಾಕಿಸಿಕೊಂಡು ಗಂಬೂಟು ಹಾಕಿಕೊಳ್ಳುತ್ತಿದ್ದರು. ಎರಡನೇ ವಾರದಲ್ಲಿ ವಾಸನೆ ಶುರುವಾಯಿತು. ಬೂಟಿನದು ಎಂದರು, ನಾನೂ ನಂಬಿದೆ. ಒಂದು ಬೆಳಿಗ್ಗೆ ಹಿಮ್ಮಡಿಯ ಮೇಲೆ ಕೆಂಪು ಏರಿತ್ತು, ಅದು ಫೋಟೋದಲ್ಲಿ ಬರಲಿಲ್ಲ. ಗಾಯ ಮಾತ್ರ ಕಾಣುವ ಹಾಗೆ ಹತ್ತಿರದಿಂದ ತೆಗೆಯುತ್ತಿದ್ದೆನಲ್ಲ. ಅವತ್ತೂ ಉತ್ತರ ಬಂತು: 'ಚೆನ್ನಾಗಿದೆ. ಮುಂದುವರಿಸಿ.'

ಮರುದಿನ ಜ್ವರದಲ್ಲಿ ಅವರು ಕಾರ್ಖಾನೆಯಲ್ಲೇ ಬಿದ್ದರು. ದೊಡ್ಡಾಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಪಾದ ಕಪ್ಪಾಗಿತ್ತು, ಊತ ಮೊಣಕಾಲಿಗೆ ಬಂದಿತ್ತು. ಏಕೆಂದು ಗೊತ್ತಿಲ್ಲ, ಅದನ್ನೂ ಫೋನಿನಲ್ಲಿ ತೆಗೆದೆ. ಒರೆಸದೆ ತೆಗೆದ ಫೋಟೋ ಅದೊಂದೇ. ಮೂರನೇ ದಿನ ಅವರು ತೀರಿಕೊಂಡರು.

ತಿಂಗಳಾದ ಮೇಲೆ ಅವರ ಫೋನಿಗೆ ನರ್ಸಿಂಗ್ ಹೋಮಿನಿಂದ ಒಬ್ಬ ಹುಡುಗಿಯ ಕರೆ ಬಂತು. "ಸಾರ್ ಅವ್ರ ಫೋಟೋಗಳು ತುಂಬಾ ಕ್ಲಿಯರ್ ಆಗಿದಾವೆ ಮೇಡಂ. ಹೊಸ ಪೇಷೆಂಟ್ಸ್‌ಗೆ ಹೆಂಗ್ ತೆಗೀಬೇಕು ಅಂತ ತೋರ್ಸೋಕೆ ಬೋರ್ಡಿಗೆ ಹಾಕೋಣ ಅಂತಿದ್ದೀವಿ. ನಿಮ್ಮ ಒಪ್ಪಿಗೆ ಬೇಕಿತ್ತು."

ಸತ್ತರು ಎಂದು ಹೇಳಲಿಲ್ಲ. "ನಾಳೆ ನಾನೇ ಬರ್ತೀನಿ," ಎಂದೆ. ಫೋನಿನಲ್ಲಿ ಹೇಳಿದರೆ ಅವಳ ಮುಖ ಕಾಣುವುದಿಲ್ಲ. ನನಗೆ ಆ ಮುಖ ಬೇಕಿತ್ತು.

ಮರುದಿನ ನರ್ಸಿಂಗ್ ಹೋಮಿನ ಹಾಲ್‌ನಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಕೌಂಟರಿನಲ್ಲಿ ಫೋನ್ ಮಾಡಿದ್ದ ಹುಡುಗಿ. ನಾನು ಯಾರೆಂದು ಹೇಳಿ, "'ಚೆನ್ನಾಗಿದೆ' ಅಂತ ಕಳಿಸ್ತಿದ್ದೋರು ಯಾರಮ್ಮ?" ಎಂದು ಕೇಳಿದೆ.

"ನಾನೇ ಅಕ್ಕಾ," ಎಂದು ನಕ್ಕಳು. "ಸಾರ್ ಹೇಗಿದಾರೆ?"

"ಹೀಗಿದಾರೆ." ಫೋನು ಅವಳ ಮುಂದೆ ಹಿಡಿದೆ. "ಇದಾಗಿ ಮೂರೇ ದಿನ ಇದ್ರು."

ಅವಳ ಮುಖದಲ್ಲಿ ನಗು ಹೋಗಿ ಏನೂ ಉಳಿಯಲಿಲ್ಲ. ನನಗೆ ತೃಪ್ತಿಯಾಯಿತು, ಸುಳ್ಳು ಹೇಳುವುದಿಲ್ಲ. ಫೋನನ್ನು ಕೂತಿದ್ದವರ ಕಡೆಗೂ ತಿರುಗಿಸಿದೆ. ಒಬ್ಬ ಹೆಂಗಸು "ಅಯ್ಯೋ ದೇವ್ರೇ" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಒಬ್ಬ ಮುದುಕ ಕುಂಟುತ್ತಾ ಬಂದು ತುಂಬಾ ಹೊತ್ತು ನೋಡಿದ.

ಹುಡುಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ಫೋಟೋ ತೆಗೆಯೋಕ್ ಮುಂಚೆ ಒರೆಸ್ತಿದ್ರಾ?"

"ಹೂಂ. ಪೌಡ್ರೂ ಹಾಕ್ತಿದ್ದೆ. ಹಾಕ್ಬೇಡಿ ಅಂತ ನೀನು ಹೇಳಿದ್ಯಾ? ಕಾಲು ಪೂರ್ತಿ ತೋರ್ಸಿ ಅಂದ್ಯಾ? ವಾಸ್ನೆ ಬರ್ತಿದ್ಯಾ, ಜ್ವರ ಇದ್ಯಾ, ಒಂದ್ ದಿನ ಆದ್ರೂ ಕೇಳಿದ್ಯಾ?"

ಗಲಾಟೆಗೆ ಡಾಕ್ಟರು ಹೊರಗೆ ಬಂದರು. "ಒಳಗೆ ಬನ್ನಿ ಅಮ್ಮ, ಕೂತು ಮಾತಾಡೋಣ."

"ಇಲ್ಲೇ ಮಾತಾಡಿ ಸಾರ್. ಬೋರ್ಡಿಗೆ ಫೋಟೋ ಬೇಕು ಅಂದ್ರಲ್ಲ. ಇದನ್ನ ಹಾಕಿ, ಎಲ್ಲಿ ಬೇಕಾದ್ರೂ ಸೈನ್ ಮಾಡ್ತೀನಿ."

"ಜನ ಹೆದರ್ಕೊಂಬಿಡ್ತಾರಮ್ಮ."

"ಹೆದರ್ಲಿ."

ಹಾಕಲಿಲ್ಲ. ನನ್ನ ಗಂಡನ ಹೆಸರನ್ನು ಪಟ್ಟಿಯಿಂದ ತೆಗೆದರು, ಫೋಟೋ ಕಳಿಸಿ ಎಂದು ಬರುತ್ತಿದ್ದ ಮೆಸೇಜು ನಿಂತಿತು. ನಾನು ನಿಲ್ಲಿಸಲಿಲ್ಲ. ದಿನ ಬಿಟ್ಟು ದಿನ, ಊಟದ ಬಿಡುವಿನಲ್ಲಿ, ಅವರ ಫೋನಿನಿಂದ ಆ ಕಪ್ಪು ಪಾದವನ್ನು ನರ್ಸಿಂಗ್ ಹೋಮಿನ ನಂಬರಿಗೆ ಕಳಿಸಿದೆ. ಜೊತೆಗೆ ಒಂದು ಸಾಲು: 'ಏನು ಕೇಳಬೇಕಿತ್ತೋ ಅದನ್ನು ಉಳಿದವರಿಗಾದರೂ ಕೇಳಿ.' ಆ ಹುಡುಗಿ ತುತ್ತು ಬಾಯಿಗಿಡುವ ಹೊತ್ತಿಗೇ ಅದು ತೆರೆದುಕೊಳ್ಳಲಿ ಎಂಬ ಲೆಕ್ಕವೂ ಇತ್ತು. ಒರೆಸಿದ ಕೈ ನನ್ನದು ಎಂದು ನನಗೆ ಗೊತ್ತು. ಆ ಪಾಲನ್ನು ನಾನು ಅನುಭವಿಸುತ್ತಿದ್ದೇನೆ, ಅದಕ್ಕೆ ಯಾರ ಸಮಾಧಾನವೂ ಬೇಡ. ನರ್ಸಿಂಗ್ ಹೋಮಿನವರ ಪಾಲು ಅವರಿಗೆ ತಲುಪಬೇಕು.

ಆರನೇ ವಾರ ಹುಡುಗಿಯಿಂದ ಒಂದು ಬರಹ ಬಂತು. ಇನ್ನು ಮುಂದೆ ಎಲ್ಲ ರೋಗಿಗಳಿಗೂ ಕಳಿಸುವುದಂತೆ. 'ಗಾಯವನ್ನು ತೊಳೆಯುವ ಮೊದಲೇ ಫೋಟೋ ತೆಗೆಯಿರಿ. ಪೌಡರ್, ಅರಿಶಿನ ಹಾಕಬೇಡಿ. ಮೊಣಕಾಲಿನವರೆಗೂ ಕಾಣಲಿ. ಜ್ವರ ಇದ್ದರೆ ತಕ್ಷಣ ಬನ್ನಿ.' ಕೆಳಗೆ, 'ಸರಿ ಇದೆಯಾ ಅಕ್ಕಾ?' ಎಂದು ಕೇಳಿದ್ದಳು.

ಎರಡು ಸಲ ಓದಿದೆ. ಆಮೇಲೆ ಫೋಟೋವನ್ನು ಮತ್ತೆ ಕಳಿಸಿದೆ.

ಕೂಡಲೇ ಫೋನು ಬಂತು. ಅಳುತ್ತಿದ್ದಳು. "ಇನ್ನೇನ್ ಮಾಡ್ಬೇಕು ಅಕ್ಕಾ ನಾನು?"

"ವಾಸ್ನೆ ಎಲ್ಲಿ? ಫೋಟೋದಲ್ಲಿ ಬರಲ್ಲ ಅದು. ಬಾಯ್ಬಿಟ್ಟು ಕೇಳ್ಬೇಕು."

"ನಾನು ಬರೆದಿದ್ದೆ ಅಕ್ಕಾ. ಓದೋಕೆ ಚೆನ್ನಾಗಿರಲ್ಲ ಅಂತ ಡಾಕ್ಟ್ರು ತೆಗೆಸಿಬಿಟ್ರು."

"ಹಂಗಾದ್ರೆ ಡಾಕ್ಟ್ರ ನಂಬರ್ ಕೊಡು," ಎಂದೆ.

ಅವಳು ಯೋಚಿಸಲೂ ಇಲ್ಲ, ಕೊಟ್ಟಳು. ಈಗ ಅವಳಿಗೆ ಕಳಿಸುವುದನ್ನು ನಿಲ್ಲಿಸಿದ್ದೇನೆ. ಡಾಕ್ಟರಿಗೆ ಕಳಿಸುತ್ತೇನೆ.