ತುರುಬಿನಲ್ಲೊಂದು ಸೀಮೆಸುಣ್ಣ

ಬೇರೆ ಹೆಂಗಸರು ಹೂ ಮುಡಿಯುವ ಜಾಗದಲ್ಲಿ ಮಹಾನಂದಾ ಅಕ್ಕ ಒಂದು ತುಂಡು ಸೀಮೆಸುಣ್ಣ ಸಿಕ್ಕಿಸಿಕೊಂಡಿರುತ್ತಿದ್ದರು. ನರೆತ ತುರುಬಿನಲ್ಲಿ ಅದು ತಟ್ಟನೆ ಕಾಣುತ್ತಿರಲಿಲ್ಲ. ಅವರ ಕೈ ತಲೆಯ ಹಿಂದೆ ಹೋದಾಗ ಮಾತ್ರ ಗೊತ್ತಾಗುತ್ತಿತ್ತು. ಆ ಕೈ ಹಿಂದೆ ಹೋಯಿತೆಂದರೆ ನಾನು ಮುಂದೆ ಕೂತವರ ಬೆನ್ನ ಹಿಂದೆ ಸರಿಯುತ್ತಿದ್ದೆ. ಹತ್ತರಲ್ಲಿ ಆರು ಸಲ ಹಲಗೆಯ ಮೇಲೆ ಬೀಳುತ್ತಿದ್ದುದು ನನ್ನ ಹೆಸರು.

ಅಕ್ಕ ಭಾಲ್ಕಿಯ ಕಡೆಯವರು. ಮದುವೆಯಾಗಿ ನಾಸಿಕದ ಹತ್ತಿರದ ಸಿನ್ನರಿಗೆ ಬಂದು, ಗಂಡ ತೀರಿಕೊಂಡ ಮೇಲೆ ಅಲ್ಲಿನ ಕಾರ್ಖಾನೆಯೊಂದರ ಕ್ಯಾಂಟೀನನ್ನು ಇಪ್ಪತ್ತು ವರ್ಷ ನಡೆಸಿದವರು. ದಿನದ ಅಡುಗೆಯನ್ನು ಹಲಗೆಯ ಮೇಲೆ ಬರೆದು ಬರೆದು ಸೀಮೆಸುಣ್ಣ ತುರುಬಿಗೆ ಏರಿತ್ತು. ಕ್ಯಾಂಟೀನು ಬಿಟ್ಟ ಮೇಲೂ ಇಳಿಯಲಿಲ್ಲ.

ನಾನು ಜೋಶಿ, ವರ್ಗವಾಗಿ ನಾಸಿಕಕ್ಕೆ ಬಂದ ಧಾರವಾಡದ ಬ್ಯಾಂಕ್ ನೌಕರ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಮೂರನೆಯ ಮಹಡಿಗೆ ಎರಡೆರಡು ಸಲ ವಾಪಸು ಹತ್ತುವ ಪೈಕಿ. ಇಂಥವನು, ತಾವೇ ಬೆಳೆದು ತಾವೇ ಉಣ್ಣುವ ಹೊಸ ಊರು ಕಟ್ಟುತ್ತೇವೆ ಎನ್ನುವವರ ಗುಂಪಿಗೆ ಸೇರಿದ್ದು ಹೇಗೆ ಎಂದು ಹೆಂಡತಿ ಸುಮಾ ಈಗಲೂ ಕೇಳುತ್ತಾಳೆ. ಏಳು ಮನೆಯವರು ಭಾನುವಾರ ಭಾನುವಾರ ನಮ್ಮಲ್ಲಿ ಕೂಡುತ್ತಿದ್ದೆವು. ಎಲ್ಲರಿಗೂ ಒಂದೇ ಅಡುಗೆಮನೆ, ನಮ್ಮದೇ ಕಾಳು, ನಮ್ಮದೇ ನೀರು, ಬಿಸಿಲಿನಿಂದಲೇ ದೀಪ! ಮಾತಾಡುತ್ತ ಮಾತಾಡುತ್ತ ಮೈ ಬಿಸಿಯೇರುತ್ತಿತ್ತು. ನಮ್ಮಲ್ಲೊಬ್ಬರಾದ ಸುರೇಶರಾವ್ ಸಿನ್ನರಿನ ಆಚೆಯ ತಮ್ಮ ಐದು ಎಕರೆ ಇಳಿಜಾರು ಹೊಲ ಬಿಟ್ಟುಕೊಡಲು ತಯಾರಿದ್ದರು. ಆದರೂ ಒಂದು ವರ್ಷದಲ್ಲಿ ಒಂದು ಮೆಣಸಿನ ಗಿಡವನ್ನೂ ನಾವು ನೆಟ್ಟಿರಲಿಲ್ಲ. ಊರಿಗೆ ಏನು ಹೆಸರಿಡುವುದೆಂಬುದಕ್ಕೇ ನಾಲ್ಕು ಭಾನುವಾರ ಹೋಗಿದ್ದವು. ಸಮಾನ ಮನಸ್ಕರು ಎನ್ನುವುದೇನಿದ್ದರೂ ಚಹಾ ಮುಗಿಯುವವರೆಗೆ.

ಅಡುಗೆಮನೆಯ ವಿಷಯಕ್ಕೆ ನಾಲ್ಕು ಮಾತು ಹೇಳಲಿ ಎಂದು ಸುರೇಶರಾವ್ ಒಂದು ದಿನ ಅಕ್ಕನನ್ನು ಕರೆತಂದರು. ಅಕ್ಕ ಕ್ಯಾಂಟೀನಿನ ಹಳೆಯ ಕರಿಹಲಗೆಯನ್ನು ರಿಕ್ಷಾದಲ್ಲಿ ಹೇರಿಕೊಂಡೇ ಬಂದಿದ್ದರು. ಅರ್ಧ ಗಂಟೆ ಸುಮ್ಮನೆ ಕೇಳಿದರು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ.

"ಎಲ್ಲಾ ಖರೇ. ಮೇ ತಿಂಗಳದಾಗ ನೀರು ಎಲ್ಲಿಂದ ತರೋದು?"

ಅಕ್ಕನ ಕೈ ತಲೆಯ ಹಿಂದೆ ಹೋಯಿತು. 'ನೀರು: ಜೋಶಿ ಸಾಹೇಬರು' ಎಂದು ಹಲಗೆಯ ಮೇಲೆ ಬಿತ್ತು.

"ಅಲ್ರೀ ಅಕ್ಕಾ, ನಾ ಬರೇ ಕೇಳಿದೆ."

"ಕೇಳಿದ್ರಿ ಅಂದ್ರ ನಿಮಗ ಕಂಡದ. ಇವರ್ಯಾರಿಗೂ ಕಂಡಿಲ್ಲ. ಫಿಕರ್ ಯಾರದೋ ಕೆಲಸ ಅವರದು ನೋಡ್ರಿ ಸಾಹೇಬ್ರ. ಕ್ಯಾಂಟೀನಿನಾಗ ಬ್ಯಾಳಿ ತೆಳ್ಳಗ ಅದ ಅಂದವನ ಕೈಯಾಗ ಮರುದಿನ ಸೌಟೇ ಕೊಡ್ತಿದ್ದೆ. ಹೆಂಥಾ ಗಟ್ಟಿ ಬ್ಯಾಳಿ ಮಾಡ್ತಿದ್ದ ಅಂತೀರಿ!"

ಹಾವು ಬಂದರೆ ಎಂದೆ. ಹಾವು ನನ್ನದಾಯಿತು. ಯಾರಿಗಾದರೂ ಜ್ವರ ಬಂದರೆ ಎಂದೆ. ಜ್ವರವೂ ನನ್ನದಾಯಿತು. ಸುಮಾ ನನ್ನ ತೊಡೆ ಚಿವುಟಿ, "ಇನ್ನರೆ ಬಾಯಿ ಮುಚ್ಚರಿ," ಎಂದಳು. ಅಕ್ಕನಿಗೆ ಕೇಳಿಸಿತು. "ಮುಚ್ಚಸಬ್ಯಾಡವ್ವಾ. ಹಲಗಿ ಇನ್ನಾ ಅರ್ಧ ಖಾಲಿ ಅದ."

ಮುಂದಿನ ಭಾನುವಾರ ನಾವು ಕೂತದ್ದು ಸೋಫಾದ ಮೇಲಲ್ಲ, ಹೊಲದ ಬದುವಿನ ಮೇಲೆ, ಅಕ್ಕ ಮತ್ತು ಹಲಗೆಯ ಸಮೇತ. ಹೊಲದಲ್ಲೇ ತಗಡಿನ ಮನೆ ಹಾಕಿಕೊಂಡಿದ್ದು, ಮೊದಲ ಸುಗ್ಗಿಯಿಂದ ಮುಂದಿನ ಮಳೆಗಾಲದವರೆಗೆ ಈ ಹೊಲದ ಕಾಳನ್ನೇ ಉಣ್ಣಬೇಕು, ಇಲ್ಲಿನ ನೀರನ್ನೇ ಕುಡಿಯಬೇಕು, ಆಗದಿದ್ದರೆ ಎಲ್ಲರೂ ತಮ್ಮ ತಮ್ಮ ಫ್ಲ್ಯಾಟಿಗೆ ವಾಪಸು ಎಂದು ಗೊತ್ತುಮಾಡಿಕೊಂಡೆವು. ನಾನು ಸ್ವಯಂ ನಿವೃತ್ತಿಯ ಅರ್ಜಿಯನ್ನು ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಕೊಟ್ಟೆ.

ಮಳೆನೀರಿಗೊಂದು ಹೊಂಡ ತೋಡಿಸಿದೆ. ನೀರು ಇಂಗಿಹೋದರೆ? ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದೆ. ಕಲ್ಲು ಚುಚ್ಚಿ ಅದು ಹರಿದರೆ? ಕಲ್ಲನ್ನೆಲ್ಲ ಕೈಯಿಂದ ಆರಿಸಿ, ಕೆಳಗೆ ಮೆತ್ತನೆಯ ಮಣ್ಣು ಹರಡಿದೆ. ಬಿಸಿಲಿಗೆ ಆರಿಹೋದರೆ? ಪಿಂಪಳಗಾಂವದ ದ್ರಾಕ್ಷಿ ತೋಟದವರು ಬಿಸಾಕಿದ್ದ ಹಳೆಯ ಬಲೆಗಳನ್ನು ಟೆಂಪೊದಲ್ಲಿ ತಂದು ಮೇಲೆ ನೆರಳು ಕಟ್ಟಿದೆ. ಕೂಸುಗಳು ಬಿದ್ದರೆ? ಸುತ್ತ ಬೇಲಿ. "ಇನ್ನ ಒಂದೀಟು ಹೆದರ್ರಿ ಸಾಹೇಬ್ರ, ಹೊಂಡಕ್ಕ ಕರೆಗಂಟೀನೂ ಬರ್ತದ," ಎಂದರು ಅಕ್ಕ. ಮೊದಲ ದೊಡ್ಡ ಮಳೆಗೆ ಅದು ಅರ್ಧ ತುಂಬಿದಾಗ ಏಳು ಮನೆಯವರೂ ತೊಯ್ದು ತೊಪ್ಪೆಯಾಗಿ ದಡದ ಮೇಲೆ ಕುಣಿದೆವು. ಕಾಲು ಜಾರೀತೆಂದು ನಾನು ಮಾತ್ರ ಬೇಲಿ ಹಿಡಿದುಕೊಂಡು ಕುಣಿದೆ.

ದೀಪಾವಳಿಯ ಹೊತ್ತಿಗೆ ಪೂರಾ ನಮ್ಮದೇ ಎನ್ನುವ ಊಟ. ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಎಲ್ಲರೂ ಇನ್ನೊಂದು, ಇನ್ನೊಂದು ಎಂದು ಹಾಕಿಸಿಕೊಳ್ಳುತ್ತಿದ್ದೆವು, ಅಷ್ಟು ಖುಷಿ. ಆಗ ಸುರೇಶರಾವ್, "ಉಪ್ಪು ಅಂಗಡೀದಲ್ಲಾ?" ಎಂದುಬಿಟ್ಟರು. ಅಕ್ಕ ರೊಟ್ಟಿ ಮುರಿಯುತ್ತಲೇ, "ಸಿನ್ನರಿಗೆ ಸಮುದ್ರ ತರೋದು ಯಾರ್ರಿ? ಹೆಸರ ಬರೀತೀನಿ," ಎಂದರು. ಉಪ್ಪಿನ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆದರೆ ಅವತ್ತೇ ನಾವೊಂದು ಕೆಟ್ಟ ಪಾಠ ಕಲಿತೆವು: ಬಾಯಿ ತೆರೆಯದಿದ್ದರೆ ಹೆಸರು ಬೀಳುವುದಿಲ್ಲ. ಮಾಘದಲ್ಲಿ ಒಂದು ಬೆಳಗ್ಗೆ ಸಜ್ಜೆಯ ಕಣಜದ ಮುಚ್ಚಳ ತೆಗೆದೆ. ಕೈಗೆ ಹಿಟ್ಟು ಹತ್ತಿತು, ಹಿಟ್ಟಿನಲ್ಲಿ ನುಸಿ ಹರಿದಾಡುತ್ತಿತ್ತು. ಹಲಗೆಯ ಮೇಲೆ ಆಗಲೇ ಒಂಬತ್ತು ಕಡೆ ನನ್ನ ಹೆಸರಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಚಿಂತೆಯನ್ನು ನುಂಗಿಕೊಂಡು ಮುಚ್ಚಳ ಹಾಕಿದೆ.

ಹದಿನೈದು ದಿನದ ಮೇಲೆ ಅಕ್ಕನೇ ತೆಗೆದು ನೋಡಿದಾಗ ಕಾಲು ಭಾಗ ಕಾಳು ಪುಡಿಯಾಗಿತ್ತು. ಮಳೆಗೆ ಇನ್ನೂ ನಾಲ್ಕು ತಿಂಗಳು. ಎಲ್ಲರನ್ನೂ ಕರೆದು, "ಇದನ್ನ ಮೊದಲ ಯಾರ್ಯಾರು ನೋಡಿದ್ರಿ?" ಎಂದರು. ಒಂದೊಂದೇ ಕೈ ಎದ್ದು ನಾಲ್ಕಾದವು. ಕಡೆಯದು ನನ್ನದು.

ಅವರ ಕೈ ತುರುಬಿಗೆ ಹೋಗಲಿಲ್ಲ. ಮೊರ ತೆಗೆದುಕೊಂಡು ನೆಲಕ್ಕೆ ಕೂತರು. "ಅವರು ಮುಚ್ಚಿಟ್ರು ಅಂತ ಬ್ಯಾಸರಿಲ್ಲ," ಎಂದರು ನನ್ನ ಕಡೆ ನೋಡದೆ. "ಸಾಹೇಬ್ರ, ನೀವೂ? ಹೆದರಿಕಿ ಮುಚ್ಚಿಟ್ರ ಅದಕ್ಕೂ ನುಸಿ ಹತ್ತತದ್ರಿ."

ನಾನೂ ಒಂದು ಮೊರ ತೆಗೆದುಕೊಂಡೆ. ಮೂರು ದಿನ ಹದಿನಾಲ್ಕು ಜನ ಕೇರಿದೆವು, ಬಿಸಿಲಿಗೆ ಹರವಿದೆವು, ಬೇವಿನೆಲೆ ಬೆರೆಸಿ ಮತ್ತೆ ತುಂಬಿದೆವು. ಮೂರನೆಯ ದಿನ ಅಕ್ಕ ಹಲಗೆಯ ನೆತ್ತಿಯ ಮೇಲೆ ಹೊಸ ಸಾಲು ಬರೆದರು: ಚಿಂತೆ ಹೇಳಿದವರು ಜೊತೆಗೆ ಇಬ್ಬರನ್ನು ಹಿಡಿದುಕೊಳ್ಳಬಹುದು, ಸುಮ್ಮನಿದ್ದವರಲ್ಲಿಂದ. ಮರುದಿನದಿಂದ ಎಲ್ಲರಿಗೂ ಬಾಯಿ ಬಂತು!

ಬೇಸಿಗೆಯಲ್ಲಿ ರೊಟ್ಟಿ ತೆಳ್ಳಗಾದವು, ನಿಲ್ಲಲಿಲ್ಲ. ಮೇ ಕೊನೆಗೆ ಆಸುಪಾಸಿನವರು ಟ್ಯಾಂಕರಿನ ದಾರಿ ನೋಡುತ್ತಿದ್ದಾಗ ನಮ್ಮ ಹೊಂಡದಲ್ಲಿ ಮೊಣಕಾಲುಮಟ್ಟ ನೀರಿತ್ತು. ಮೃಗಶಿರಾ ಮಳೆಯ ಮೊದಲ ಹನಿ ತಗಡಿನ ಮೇಲೆ ಟಪ್ಪೆಂದಾಗ ಸುಮಾ ನಮ್ಮ ಫ್ಲ್ಯಾಟಿನ ಬೀಗದಕೈಯನ್ನು ಸುರೇಶರಾವ್ ಕೈಯಲ್ಲಿಟ್ಟು, "ಬಾಡಿಗೆಯವರನ್ನ ಹುಡುಕ್ರಿ," ಎಂದಳು.

ಆ ಮಳೆಗಾಲ ಕಳೆಯುವುದರೊಳಗೆ ಅಕ್ಕ ಹೊರಟರು. ಸಂಭಾಜಿನಗರದ ಹತ್ತು ಮನೆಯವರು ಸಿಲ್ಲೋಡಿನ ಹತ್ತಿರ ಇಂಥದೇ ಊರು ಕಟ್ಟಬೇಕೆಂದು ಅವರನ್ನು ಕರೆದಿದ್ದರು. ನಾಸಿಕದ ಬಸ್ ನಿಲ್ದಾಣದವರೆಗೆ ಕಳಿಸಲು ಹೋದೆ. ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡಿದ್ದೆ. ಬಸ್ಸು ಗುರ್ ಎಂದಾಗ ತಡೆಯಲಾಗಲಿಲ್ಲ.

"ಅಕ್ಕಾ, ನೀವಿಲ್ಲದ ಇದು ನಡೀತದೇನ್ರಿ?"

ಕಿಟಕಿಯೊಳಗೆ ಅವರ ಕೈ ತಲೆಯ ಹಿಂದೆ ಹೋಯಿತು. ಬರೆಯಲು ಅಲ್ಲಿ ಹಲಗೆ ಇರಲಿಲ್ಲ. ಕೈ ಚಾಚಿ ಆ ತುಂಡನ್ನು ನನ್ನ ಅಂಗಿಯ ಕಿಸೆಗೆ ಹಾಕಿದರು. "ಬರದಂಗಾತು, ಹೋಗ್ರಿ. ಇಬ್ಬರನ ಜೋಡಿ ಹಿಡಕೋರಿ."

ಇದಾಗಿ ಒಂದು ವರ್ಷ. ಹಲಗೆಯ ಮುಂದೆ ಈಗ ನಾನು ನಿಲ್ಲುತ್ತೇನೆ. ಮುಡಿಯಲು ತುರುಬಿಲ್ಲ, ಸೀಮೆಸುಣ್ಣ ಕಿಸೆಯಲ್ಲೇ ಇರುತ್ತದೆ. ಮೊನ್ನೆ ಸಿಲ್ಲೋಡಿನಿಂದ ಅಕ್ಕನ ಫೋನು ಬಂತು.

"ಸಾಹೇಬ್ರ, ಇಲ್ಲಿ ಎಲ್ಲಾ ಭಾಳ ಧೈರ್ಯದವರೇ ಬಂದಾರ್ರಿ. ನೀರಂದ್ರ, ಆಗ್ತದ ಅಂತಾರ. ಕಾಳಂದ್ರ, ಆಗ್ತದ ಅಂತಾರ. ಒಬ್ಬರೂ ಹೆದರವಲ್ರು. ವರ್ಷಾತು, ಹೊಸ ಹಲಗಿ ಖಾಲಿ ಕುಂತದ."

"ನಾ ಏನ ಮಾಡ್ಲಿ ಅಕ್ಕಾ?"

"ಎಂಟ ದಿನ ಬಂದು ಛಂದಾಗಿ ಹೆದರಿ ಹೋಗ್ರಿ."

ನಾಳೆ ಬೆಳಗಿನ ಬಸ್ಸು. ಆ ಜಾಗವನ್ನು ನಾನಿನ್ನೂ ಕಂಡಿಲ್ಲ, ಆಗಲೇ ಇಪ್ಪತ್ತಮೂರು ಚಿಂತೆಗಳ ಪಟ್ಟಿ ತಯಾರಾಗಿದೆ. ಸುಮಾ ನೋಡಿ, "ಇದೇನ್ರೀ, ಮದುವಿಗೆ ಹೊಂಟಂಗ ಹೊಂಟೀರಿ," ಎಂದಳು. ಕಿಸೆಯಲ್ಲಿ ಅಕ್ಕನ ಆ ತುಂಡೇ ಇದೆ. ದಾರಿಯಲ್ಲಿ ಮುರಿದರೆ ಎಂದು ಇನ್ನೆರಡು ಇಟ್ಟುಕೊಂಡಿದ್ದೇನೆ.